ಮನೆಗೆಲಸವೇ ವ್ಯಾಯಾಮ ಅಲ್ಲವೇ?

ಪ್ರಶ್ನೆ: ನನಗೆ 46 ವರ್ಷ. ರುಮಟಾಯ್ಡ್ ಸಂಧಿವಾತ ಇದೆ, ವಾರಕ್ಕೊಮ್ಮೆ ಅದರ ಔಷಧಿ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ. ಫಿಜಿಯೊಥೆರಪಿ ಕಳೆದ ತಿಂಗಳು ಮುಗಿಯಿತು. ಈಗ ಅಡಿಕೆ ಸುಲಿಯುವ ಕಾಲ, ಬೆಳಗಿನಿಂದ ಕೈಗೆ ಬಿಡುವಿಲ್ಲ. ಬೇರೆ ವ್ಯಾಯಾಮ ಬೇಕೇ? ‘ಮೊದಲೇ ಕೆಟ್ಟ ಕೀಲು, ನಡೆದು ಮತ್ತೂ ಸವೆಸ್ಕೊಳ್ಳಡ’ ಎನ್ನುತ್ತಾರೆ ಅತ್ತೆ.
— ಓದುಗರು, ಶಿರಸಿ

ಉತ್ತರ: ಬೇಕು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರ ಬೆರಳು, ಮಣಿಕಟ್ಟು ದಣಿಯುತ್ತವೆ. ತೊಡೆಗೆ, ಎದೆಗೆ ಕೆಲಸವೇ ಇಲ್ಲ. ಫಿಜಿಯೊಥೆರಪಿಯಲ್ಲಿ ಗಳಿಸಿದ ತೊಡೆಯ ಬಲ ಬಳಸದಿದ್ದರೆ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ಆಮೇಲೆ ಮಂಡಿಯ ಮೇಲೆ ಭಾರ ಹೆಚ್ಚು.

ಅತ್ತೆಯವರ ಭಯ ಹಳೆಯದು. ಒಂದು ಕಾಲಕ್ಕೆ ವೈದ್ಯರೂ ‘ಮಲಗಿ’ ಎನ್ನುತ್ತಿದ್ದರು. ನೆದರ್ಲೆಂಡ್ಸ್‌ನಲ್ಲಿ ಸುಮಾರು 300 ರೋಗಿಗಳನ್ನು ಎರಡು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೋರಾದ ವ್ಯಾಯಾಮ ಮಾಡಿದವರ ಓಡಾಟ ಸುಧಾರಿಸಿತ್ತು, ಬಹುತೇಕರ ದೊಡ್ಡ ಕೀಲುಗಳಿಗೆ ಹೆಚ್ಚಿನ ಹಾನಿಯೂ ಆಗಿರಲಿಲ್ಲ. ಮೊದಲೇ ತುಂಬ ಹಾಳಾದ ಕೀಲಿದ್ದವರಿಗೆ ಮಾತ್ರ ಎಚ್ಚರ ಬೇಕು. ಹಾಗಾಗಿ ಮಂಡಿಯ ಎಕ್ಸ್-ರೇ ಹೇಗಿದೆ ಎಂದು ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.

ಬೆಳಗಿನ ಬಿಗಿತ ಇರುವಾಗ ವಾಕಿಂಗಿಗೆ ಹೊರಡಬೇಡಿ. ಐದು ಗಂಟೆಗೇ ಎದ್ದು ನಡೆಯಬೇಕೆಂಬ ಹಟ ನಮ್ಮ ಕಡೆ ವಿಪರೀತ! ಬಿಸಿನೀರಿನ ಸ್ನಾನವಾಗಿ ಮೈ ಸಡಿಲಾದ ಮೇಲೆ, ಹತ್ತು ಗಂಟೆಗೋ ಸಂಜೆಗೋ ಹೊರಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಹತ್ತು ನಿಮಿಷದಿಂದ ಶುರುಮಾಡಿ ವಾರಕ್ಕೆ 150 ನಿಮಿಷದತ್ತ ನಿಧಾನಕ್ಕೆ ಏರಿಸಿ. ಮಳೆಗಾಲದಲ್ಲಿ ಜಗುಲಿಯೇ ಸಾಕು. ವಾರಕ್ಕೆರಡು ದಿನ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಮಾಡಿ. ಕುರ್ಚಿ ತಗ್ಗಾದರೆ ಮೇಲೊಂದು ದಿಂಬು ಹಾಕಿ.

ಬೆರಳಿಗೆ ಅಡಿಕೆ ಸಾಲದೇ ಎಂದೀರಿ. ಸಾಲದು. ಅಲ್ಲಿ ಬೆರಳು ಬರೀ ಮಡಚಿ ಒತ್ತುತ್ತದೆ. ಅಗಲಿಸುವ, ಹಿಂದಕ್ಕೆ ಚಾಚುವ ಅಭ್ಯಾಸ ಬೇರೆಯೇ ಮಾಡಬೇಕು. ಫಿಜಿಯೊಥೆರಪಿಸ್ಟ್ ಕಲಿಸಿದ ಕೈ ವ್ಯಾಯಾಮ ಬಿಡಬೇಡಿ. ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು, ಕೈ ಬಿಚ್ಚಿ, ಅಂಗಳ ಸುತ್ತಿ ಬನ್ನಿ. ಕೆಲಸದವರು ನಕ್ಕರೆ ನಗಲಿ.

ನೋವಿಗೆ ನಾನು ಹೇಳುವ ಲೆಕ್ಕ ಇಷ್ಟೇ: ವ್ಯಾಯಾಮ ಮುಗಿದು ಎರಡು ಗಂಟೆಯಾದರೂ ಮೊದಲಿಗಿಂತ ಹೆಚ್ಚು ನೋವಿದ್ದರೆ ಮುಂದಿನ ಸಲ ಕಡಿಮೆ ಮಾಡಿ. ಪೂರ್ತಿ ನಿಲ್ಲಿಸಬೇಡಿ. ಕೀಲು ಊದಿ ಬಿಸಿಯಾದ ದಿನಗಳಲ್ಲಿ ಆ ಕೀಲಿಗೆ ಭಾರ ಬೇಡ, ದಿನಕ್ಕೆರಡು ಸಲ ಮೆಲ್ಲಗೆ ಆಡಿಸಿದರೆ ಸಾಕು. ಉಳಿದ ಅಂಗಗಳ ಅಭ್ಯಾಸ ಆಗುವಷ್ಟು ನಡೆಯಲಿ. ಊತ ಕೆಲವು ದಿನಗಳಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಅದು ಔಷಧಿಯ ವಿಷಯ, ವ್ಯಾಯಾಮದಿಂದ ಸರಿಹೋಗದು.

ಯೋಗ ಶಿಬಿರಕ್ಕೆ ಸೇರುವುದಾದರೆ ಕಾಯಿಲೆಯ ಹೆಸರು ಮೊದಲೇ ಹೇಳಿ. ರುಮಟಾಯ್ಡ್ ಕೆಲವರಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಹಿಡಿತವನ್ನು ಸಡಿಲಿಸುತ್ತದೆ. ಗುರುಗಳು ಎಷ್ಟೇ ಹುರಿದುಂಬಿಸಲಿ, ಶೀರ್ಷಾಸನ, ಸರ್ವಾಂಗಾಸನ ಬೇಡ.