ಚಾರ್ಮಾಡಿ ಹತ್ತುವ ಪಿಕಪ್ಪಿನಲ್ಲಿ ನಾಯಿಗೆ ಸರಪಳಿ ಎಷ್ಟುದ್ದ ಬಿಡಬೇಕು?

ಉಜಿರೆಯಿಂದ ಮೂಡಿಗೆರೆಯ ತೋಟಕ್ಕೆ ಒಂದು ಲ್ಯಾಬ್ರಡಾರ್, ಒಂದು ನಾಟಿ ನಾಯಿಯನ್ನು ಬೊಲೆರೊ ಪಿಕಪ್ಪಿನ ಹಿಂಬದಿಯಲ್ಲಿ ಒಯ್ಯಬೇಕು, ಸರಪಳಿ ಎಷ್ಟುದ್ದ ಬಿಡಲಿ ಅಂತ ಒಬ್ಬರು ಕೇಳಿದ್ದಾರೆ. ನಾನೂ ನಾಯಿ ಒಯ್ದಿದ್ದೆ, ಅದೇ ಘಾಟಿ, ಅಂಥದೇ ಗಾಡಿ. ನಾನು ಬಿಟ್ಟಿದ್ದು ಐದಡಿ.

ತಪ್ಪಾಗಿದ್ದು ಉದ್ದದಲ್ಲಿ ಅಂತ ತುಂಬ ದಿನ ಅಂದುಕೊಂಡಿದ್ದೆ. ಅಲ್ಲ, ತಪ್ಪು ಕೊಕ್ಕೆಯದು. ಪಿಕಪ್ಪಿನಲ್ಲಿ ಹಗ್ಗ ಬಿಗಿಯುವ ಕೊಕ್ಕೆಗಳಿರುವುದು ಬಾಡಿಯ ಹೊರಗಡೆ, ಪಕ್ಕದ ಡೋರಿನ (ಬಾಡಿಯ ಪಕ್ಕದ ತಗಡಿನ) ಕೆಳಗೆ. ಅಲ್ಲಿಗೆ ಸಿಕ್ಕಿಸಿದ ಸರಪಳಿ ಡೋರು ಹತ್ತಿ ಒಳಗಿಳಿಯುವಷ್ಟರಲ್ಲಿ ಎರಡಡಿ ಖರ್ಚಾಗಿರುತ್ತದೆ. ಒಳಗೆ ಉಳಿದ ಮೂರಡಿ ನೋಡಿ, ಗಿಡ್ಡ ಇದೆ, ಹಾರಲಾರದು ಅನ್ನಿಸುತ್ತದೆ. ಹೊರಗೆ ಹಾರಿತೋ, ಐದಕ್ಕೆ ಐದಡಿಯೂ ನಾಯಿಯ ಪಾಲಿಗೆ. ಕೊಕ್ಕೆ ರಸ್ತೆಯಿಂದ ಎರಡೂವರೆ ಅಡಿ ಮೇಲೆ, ಹಾಗಾಗಿ ಕಾಲು ನೆಲಕ್ಕೆ ತಾಗುತ್ತದೆ, ಗಾಡಿ ಎಳೆದುಕೊಂಡು ಹೋಗುತ್ತದೆ. ಸರಪಳಿ ಗಿಡ್ಡ ಮಾಡಿದಿರೋ, ಡೋರಿಗೆ ನೇಣು. ತಡೆಗೋಡೆ ಮೇಲಿನ ಕೋತಿ ಕಂಡು ನಮ್ಮದು ಹಾರಿದಾಗ ಗಾಡಿ ತಿರುವಿನಲ್ಲಿ ಮೊದಲನೇ ಗೇರಿನಲ್ಲಿತ್ತು, ಹಿಂದಿನ ಲಾರಿಯವರು ಹಾರನ್ ಬಾರಿಸಿದರು, ಬದುಕಿತು. ಎರಡೂ ಹಿಂಗಾಲಿನ ಪಾದದ ಮೆತ್ತೆ ಕಿತ್ತುಹೋಗಿತ್ತು.

ಆದ್ದರಿಂದ ಉದ್ದದ ಮಾತು ಬಿಡಿ, ಸರಪಳಿಯನ್ನೇ ಬಿಡಿ. ಬಾಡಿಯ ನಡುಮಧ್ಯ ನೆಲಕ್ಕೆ ಬಳೆ ಹಾಕಿಸಿ ಹಾರ್ನೆಸ್‌ಗೆ (ನಾಯಿಯ ಎದೆಗೆ ಹಾಕುವ ಪಟ್ಟಿಗೆ) ಗಿಡ್ಡ ಬೆಲ್ಟ್ ಕಟ್ಟುವವರಿದ್ದಾರೆ. ಹಾರುವುದು ತಪ್ಪುತ್ತದೆ, ಬ್ರೇಕ್ ಹೊಡೆದಾಗ ಬೀಳುವುದು ತಪ್ಪುವುದಿಲ್ಲ. ಬೇಕಾಗಿರುವುದು ಕ್ರೇಟ್, ಅಂದರೆ ನಾಯಿಯನ್ನು ಕೂಡಿ ಒಯ್ಯುವ ಜಾಲರಿ ಬಾಗಿಲಿನ ಪೆಟ್ಟಿಗೆ, ನಾಯಿಗೊಂದು. ದೊಡ್ಡ ಲ್ಯಾಬ್‌ಗೆ 42 ಇಂಚು ಉದ್ದದ್ದು, ನಾಟಿಗೆ 36 ಸಾಕು. ನಿಂತರೆ ತಲೆ ತಾಗಬಾರದು, ಒಳಗೇ ತಿರುಗಲು ಬರಬೇಕು. ಅದಕ್ಕಿಂತ ವಿಶಾಲವಾದರೆ ತಿರುವಿನಲ್ಲಿ ಗೋಡೆಯಿಂದ ಗೋಡೆಗೆ ಬಡಿದುಕೊಳ್ಳುತ್ತದೆ.

ಎರಡನ್ನೂ ಕ್ಯಾಬಿನ್ ಗೋಡೆಗೆ ಒತ್ತಿ ಇಡಿ, ಬಾಗಿಲು ಹಿಂದಕ್ಕೆ. ಹಿಂದಿನ ಚಕ್ರಕ್ಕಿಂತ ಆಚೆ ಇಟ್ಟರೆ ಪ್ರತಿ ಗುಂಡಿಗೂ ಎತ್ತಿ ಕುಕ್ಕುತ್ತದೆ. ಖಾಲಿ ಪಿಕಪ್ಪಿನ ಲೀಫ್ ಸ್ಪ್ರಿಂಗು ಕಲ್ಲಿದ್ದ ಹಾಗೆ, ಟನ್ನುಗಟ್ಟಲೆ ಹೊರಲು ಮಾಡಿದ್ದು, ಎರಡು ನಾಯಿಗೆ ಬಗ್ಗುವುದಿಲ್ಲ. ಐವತ್ತು ಕೆ.ಜಿ.ಯ ಆರು ಮರಳಿನ ಚೀಲ ಹಿಂದಿನ ಆಕ್ಸಲ್ ಮೇಲೆ ಬರುವಂತೆ ಹಾಕಿ, ಜಾರದಂತೆ ಕಟ್ಟಿ. ಕ್ರೇಟಿನಡಿ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಇರಲಿ. ಬರೀ ತಗಡಿನ ಮೇಲೆ ಕ್ರೇಟೂ ನಿಲ್ಲುವುದಿಲ್ಲ, ನಾಯಿಯೂ ನಿಲ್ಲುವುದಿಲ್ಲ. ಒಂದೊಂದು ಕ್ರೇಟಿಗೂ ಎರಡು ರ್‍ಯಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿಯುವ ಪಟ್ಟಿ), ಒಂದು ಅಡ್ಡ, ಒಂದು ಉದ್ದ. ನೈಲಾನ್ ಹಗ್ಗ ಹಿಗ್ಗುತ್ತದೆ, ಬೇಡ. ಪ್ಲಾಸ್ಟಿಕ್ ಕ್ರೇಟು ಸೊಟ್ಟಗಾಗುವಷ್ಟು ಬಿಗಿದರೆ ಬಾಗಿಲ ಚಿಲಕ ತಾನೇ ಬಿಡುತ್ತದೆ, ಅದಕ್ಕೊಂದು ಕ್ಯಾರಬಿನರ್ (ತಾನೇ ಮುಚ್ಚಿಕೊಳ್ಳುವ ಲೋಹದ ಕೊಂಡಿ) ಸಿಕ್ಕಿಸಿ. ಹೊರಟು ಹತ್ತು ನಿಮಿಷಕ್ಕೆ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡಿ. ಸಡಿಲವಾಗಿಯೇ ಇರುತ್ತದೆ.

ಟಾರ್ಪಾಲು ಮೇಲೆ ಮಾತ್ರ, ಕ್ರೇಟಿನಿಂದ ಅರ್ಧ ಅಡಿ ಎತ್ತರದಲ್ಲಿ. ಮಳೆಗೆ ಹೆದರಿ ಮೂರೂ ಕಡೆ ಮುಚ್ಚಿ ಹಿಂದೊಂದು ಬಿಟ್ಟರೆ ಸೈಲೆನ್ಸರಿನ ಹೊಗೆ ಸುತ್ತಿ ಒಳಗೇ ಬರುತ್ತದೆ. ನಿಜ ಹೇಳಬೇಕೆಂದರೆ, ಜೋರು ಮಳೆಯ ದಿನ ಹೊರಡಲೇಬೇಡಿ.

ಬೆಳಗ್ಗೆ ಐದಕ್ಕೆ ಹೊರಡಿ. ಹಿಂದಿನ ರಾತ್ರಿಯ ಊಟವೇ ಕೊನೆಯದು, ನೀರು ಮಾತ್ರ ಹೊರಡುವವರೆಗೂ. ನಾಟಿಯನ್ನು ಅವತ್ತೇ ಮೊದಲ ಸಲ ಕ್ರೇಟಿಗೆ ತುರುಕಿದರೆ ಹಲ್ಲು ಮುರಿದುಕೊಳ್ಳುತ್ತದೆ, ವಾರ ಮುಂಚೆಯೇ ಅದರೊಳಗೆ ಅನ್ನ ಹಾಕಿ ರೂಢಿ ಮಾಡಿ. ದಾರಿಯಲ್ಲಿ ಏದುಸಿರು ನಿಲ್ಲದೆ, ನಾಲಿಗೆ ಕಡುಕೆಂಪಾಗಿ ತೂರಾಡಿದರೆ ಅದು ಬಿಸಿಲಿನ ಹೊಡೆತ. ಒದ್ದೆ ಬಟ್ಟೆ ಹೊದಿಸಿದರೆ ಶಾಖ ಒಳಗೇ ಉಳಿಯುತ್ತದೆ. ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ, ಹತ್ತಿರದ ಪಶುವೈದ್ಯರ ಕಡೆ ಗಾಡಿ ತಿರುಗಿಸಿ.

ಘಾಟಿಯಲ್ಲಿ ಮಾತ್ರ ನಿಲ್ಲಿಸಬೇಡಿ, ಕೋತಿಗಳು ಕ್ರೇಟಿನ ಮೇಲೇ ಬಂದು ಕೂರುತ್ತವೆ. ಘಾಟಿ ಹತ್ತಿದ ಮೇಲೆ ಸಿಗುವ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ. ಬಾಗಿಲು ತೆರೆಯುವ ಮೊದಲೇ ಜಾಲರಿಯೊಳಗೆ ಕೈ ಹಾಕಿ ಹಗ್ಗ ಸಿಕ್ಕಿಸಿಕೊಳ್ಳಿ, ಒಂದೊಂದಾಗಿ ಇಳಿಸಿ.