ಕೂಸು ಅತ್ತರೆ ಬಾಣಂತಿ ಉಪವಾಸ ಬೀಳಬೇಕೆ?

ಪ್ರಶ್ನೆ: ಸಿಂಧನೂರು ತಾಲ್ಲೂಕಿನವಳು. ಚೊಚ್ಚಲ ಬಾಣಂತನಕ್ಕೆ ತವರಲ್ಲಿದ್ದೇನೆ. ಐದು ವಾರದ ಮಗಳು ದಿನಾ ಸಂಜೆ ಏಳರಿಂದ ಹತ್ತರವರೆಗೆ ಚೀರುತ್ತಾಳೆ. ನಾನು ಹೆಸರುಕಾಳಿನ ಪಲ್ಯ ತಿಂದಿದ್ದಕ್ಕೇ ಹೀಗಾಯಿತೆಂದು ಅವ್ವ ಹದಿನೈದು ದಿನದಿಂದ ಬರೀ ಅನ್ನ, ತುಪ್ಪ, ಮೆಣಸಿನ ಸಾರು ಕೊಡುತ್ತಾಳೆ. ನೀರೂ ಅಳತೆಯಲ್ಲೇ. ಅಳು ನಿಂತಿಲ್ಲ. ಅತ್ತೆ ಫೋನಿನಲ್ಲಿ ‘ನಿನ್ನ ಹಾಲು ಕೂಸಿಗೆ ಒಗ್ಗವಲ್ದು, ಡಬ್ಬಿ ಹಾಲು ಹಾಕು’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ತಂಗಿ, ಪಲ್ಯ ಬಿಟ್ಟು ಹದಿನೈದು ದಿನವಾದರೂ ಅಳು ನಿಂತಿಲ್ಲ ಅಂದಮೇಲೆ ತಪ್ಪು ಪಲ್ಯದ್ದಲ್ಲ. ಕಾಳಿನಲ್ಲಿರುವ ಯಾವ ನಾರು ಹೊಟ್ಟೆಯಲ್ಲಿ ವಾಯು ಮಾಡುತ್ತದೋ ಅದು ನಿನ್ನ ಕರುಳು ದಾಟಿ ರಕ್ತಕ್ಕೆ ಹೋಗುವುದೇ ಇಲ್ಲ. ಎದೆಹಾಲಿಗೆ ಎಲ್ಲಿಂದ ಬಂದೀತು?

ಇದನ್ನು ಡಾಕ್ಟರುಗಳು ಕೋಲಿಕ್ ಅನ್ನುತ್ತಾರೆ. ಎರಡು-ಮೂರು ವಾರಕ್ಕೆ ಶುರುವಾಗಿ, ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು-ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಡಬ್ಬಿ ಹಾಲು ಕುಡಿಯುವ ಕೂಸುಗಳಿಗೂ ಇದು ತಪ್ಪಿದ್ದಲ್ಲ. ಹಾಗಾಗಿ ಅತ್ತೆಯವರ ಸಲಹೆಯೂ ಬೇಡ.

ಊಟದ ಮಾತಿನಲ್ಲಿ ಮುಖ್ಯವಾದ ಅಪವಾದವೊಂದಿದೆ. ಆಕಳು, ಎಮ್ಮೆ ಹಾಲಿನ ಪ್ರೋಟೀನು ತಾಯಿಯ ಹಾಲಿಗೆ ಇಳಿಯುತ್ತದೆ. ಕೆಲವೇ ಕೂಸುಗಳಿಗೆ ಅದು ಒಗ್ಗುವುದಿಲ್ಲ. ಆಗ ಬರೀ ಅಳುವಲ್ಲ, ಮಲದಲ್ಲಿ ರಕ್ತ, ಮೈಮೇಲೆ ಇಸುಬು, ಪದೇಪದೇ ವಾಂತಿ, ತೂಕ ಏರದಿರುವುದು ಕಾಣಿಸುತ್ತದೆ. ಹಾಗಿದ್ದರೆ ಮಕ್ಕಳ ಡಾಕ್ಟರು ನಿನಗೆ 2ರಿಂದ 4 ವಾರ ಹಾಲು-ಮೊಸರು ಬಿಡಿಸಿ, ಮತ್ತೆ ಕೊಟ್ಟು ನೋಡುತ್ತಾರೆ. ನೀನಾಗಿಯೇ ಬಿಡಬೇಡ.

ಹಾಲೂಡಿಸುವವಳಿಗೆ ದಿನಕ್ಕೆ 500–600 ಕ್ಯಾಲೊರಿ ಹೆಚ್ಚು ಬೇಕು. ರೊಟ್ಟಿ, ಬ್ಯಾಳಿ, ಸೊಪ್ಪು, ಮೊಟ್ಟೆ ಕೇಳಿ ತಿನ್ನು. ಬಾಯಾರಿದಷ್ಟು ನೀರು ಕುಡಿ. ಅವ್ವನ ಅಂಟಿನುಂಡಿ, ಸಬ್ಬಸಗಿ ಪಲ್ಯ ಬಿಡಬೇಕಿಲ್ಲ, ಅವು ಒಳ್ಳೆಯವೇ! ಅವ್ವನ ಜೊತೆ ವಾದಕ್ಕಿಳಿಯಬೇಡ. ಅಂಗನವಾಡಿ ಟೀಚರನ್ನು ಮನೆಗೆ ಕರೆಸು. ಮಾತೃಪೂರ್ಣ ಊಟದಲ್ಲಿ ಬಾಣಂತಿಗೆ ಬೇಳೆ, ಮೊಟ್ಟೆ ಕೊಡುವುದೇಕೆಂದು ಅವರೇ ಹೇಳಲಿ. ಮಗಳ ಮಾತಿಗಿಂತ ಟೀಚರ ಮಾತಿಗೆ ಅವ್ವಂದಿರು ಬೇಗ ಬಗ್ಗುತ್ತಾರೆ.

ಸಂಜೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡುವ ಕೆಲಸವನ್ನೂ ಅವ್ವನಿಗೇ ವಹಿಸಿ ಒಂದು ತಾಸು ಮಲಗು. ಜೇನು, ಬಜೆ, ಗ್ರೈಪ್ ವಾಟರ್ ಯಾವುದನ್ನೂ ನೆಕ್ಕಿಸಬೇಡಿ. ಜ್ವರ ಬಂದರೆ, ಹಸಿರು ವಾಂತಿಯಾದರೆ, ಹಾಲು ಕುಡಿಯದೆ ಸೊರಗಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ನಾಳೆಯೇ ಆಶಾ ಕಾರ್ಯಕರ್ತೆಯ ಹತ್ತಿರ ಕೂಸಿನ ತೂಕ ನೋಡಿಸು. ಏರಿದ್ದರೆ ತಾಯಿ ಕಾರ್ಡಿನ ಆ ಪುಟದ ಫೋಟೊ ತೆಗೆದು ಅತ್ತೆಯವರಿಗೆ ವಾಟ್ಸ್‌ಆ್ಯಪ್ ಮಾಡು.