ಲ್ಯಾಬಿನಲ್ಲಿ ನಿಂತು ಪಾಠ ಮಾಡುವವರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜುಗಳ ಕಂಪ್ಯೂಟರ್ ಲ್ಯಾಬಿನ ಬಗ್ಗೆ, ಅದೂ ಅಲ್ಲಿ ಕಲಿಸುವವರಿಂದಲೇ ಬಂದವು. ಮುಂಬಯಿ ಉಪನಗರದ ಕಾಲೇಜೊಂದರಲ್ಲಿ ನೌಕರಿಯ ಬಹುಪಾಲನ್ನು ಲ್ಯಾಬಿನೊಳಗೇ ಕಳೆದವಳಿಗೆ ಇವು ತೀರಾ ಹತ್ತಿರದ ಪತ್ರಗಳು. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮಲ್ಲಿ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಪಾಸಣೆಯ ತಯಾರಿ ನಡೆದಿದೆ. ಕಂಪ್ಯೂಟರ್ ಲ್ಯಾಬುಗಳ ಬಗ್ಗೆ ಅಧ್ಯಾಪಕರಿಗೆ ಎಷ್ಟು ತೃಪ್ತಿ ಇದೆ ಎಂಬ ಸಮೀಕ್ಷೆಯನ್ನು ಕಾಲೇಜಿನ ಗುಣಮಟ್ಟ ಸಮಿತಿಯಾದ ಐಕ್ಯುಎಸಿಯವರು ನನ್ನ ತಲೆಗೆ ಕಟ್ಟಿದ್ದಾರೆ. ಹಿಂದಿನ ಫಾರಂ ತೆಗೆದು ನೋಡಿದೆ. ‘ಕಂಪ್ಯೂಟರ್ ಮತ್ತು ಇಂಟರ್ನೆಟ್ ಸೌಲಭ್ಯ ತೃಪ್ತಿಕರವಾಗಿದೆಯೇ?’ ಎಂಬ ಪ್ರಶ್ನೆಗೆ ವಿಭಾಗದ ಎಂಟೂ ಮಂದಿ ಐದರಲ್ಲಿ ನಾಲ್ಕು ಕೊಟ್ಟಿದ್ದಾರೆ. ಸ್ಟಾಫ್ ರೂಮಿನಲ್ಲಿ ಕುಳಿತರೆ ಅದೇ ಎಂಟು ಮಂದಿ ಲ್ಯಾಬನ್ನು ಬೈಯದ ದಿನವಿಲ್ಲ. ಹೆಸರು ಬರೆಯುವಂತಿಲ್ಲ, ಕಲಿಸುವ ವಿಷಯ, ಪಾಳಿ ಬರೆಯಬೇಕು. ಫಾರಂ ವಿಭಾಗದ ಮುಖ್ಯಸ್ಥರ, ಅಂದರೆ ಎಚ್‌ಒಡಿಯವರ ಮೂಲಕ ಹೋಗುತ್ತದೆ. ನಿಜ ತಿಳಿಯುವ ಹಾಗೆ ಹೇಗೆ ಕೇಳಲಿ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ನಿಮ್ಮ ಸಹೋದ್ಯೋಗಿಗಳು ಸುಳ್ಳು ಹೇಳಿದರೆಂದು ತಿಳಿಯಬೇಡಿ. ಎಂಟು ಮಂದಿಯಲ್ಲಿ ಡೇಟಾಬೇಸ್ ಕಲಿಸುವವರು ಒಬ್ಬರೇ. ವಿಷಯ ಬರೆದರೆ ಹೆಸರು ಬರೆದಂತೆಯೇ ಆಯಿತು. ಆ ಕಾಗದ ಎಚ್‌ಒಡಿಯವರ ಮೇಜಿನ ಮೇಲೆ ಹೋಗಿ ಬೀಳುತ್ತದೆ ಎಂದು ಗೊತ್ತಿದ್ದ ಮೇಲೆ ಯಾರೇ ಆದರೂ ನಾಲ್ಕಕ್ಕೇ ಟಿಕ್ ಹಾಕುತ್ತಾರೆ. ಐದು ಕೊಟ್ಟರೆ ಮನಸ್ಸು ಒಪ್ಪುವುದಿಲ್ಲ, ಮೂರು ಕೊಟ್ಟರೆ ವಿವರಣೆ ಕೇಳುತ್ತಾರೆ. ಆದ್ದರಿಂದ ಮೊದಲು ವಿಷಯ, ಪಾಳಿ ಎರಡನ್ನೂ ಫಾರಂನಿಂದ ತೆಗೆಯಿರಿ. ಫಾರಂಗಳನ್ನು ಬೇರೆ ವಿಭಾಗದವರು, ಲೈಬ್ರರಿಯನ್ ಆದರೂ ಸರಿ, ಒಟ್ಟುಗೂಡಿಸಲಿ.

ಇನ್ನು ಪ್ರಶ್ನೆ. ಒಂದರಿಂದ ಐದರ ಅಳತೆಗೋಲನ್ನು ರೆನ್ಸಿಸ್ ಲಿಕರ್ಟ್ 1932ರಲ್ಲಿ ಬಳಕೆಗೆ ತಂದ. ಅಳತೆಗೋಲಿನಲ್ಲಿ ದೋಷವಿಲ್ಲ. ಆದರೆ ಒಂದು ವಾಕ್ಯದಲ್ಲಿ ಒಂದೇ ಸಂಗತಿ ಕೇಳಬೇಕು. ಮಷೀನ್ ಚೆನ್ನಾಗಿದ್ದು ಇಂಟರ್ನೆಟ್ ಕೆಟ್ಟದ್ದಾದರೆ ನಿಮ್ಮ ಹಳೆಯ ಪ್ರಶ್ನೆಗೆ ಏನು ಬರೆಯಬೇಕು? ನನ್ನ ಸಲಹೆ ಏನೆಂದರೆ ತೃಪ್ತಿಯ ಮಾತನ್ನೇ ಆರಂಭದಲ್ಲಿ ಎತ್ತಬೇಡಿ. ‘ನೀವು ತೆಗೆದುಕೊಂಡ ಕೊನೆಯ ಪ್ರಾಕ್ಟಿಕಲ್‌ನಲ್ಲಿ ಏನಾಯಿತು?’ ಎಂದು ಕೇಳಿ. ಒಳಗೆ ಕಾಲಿಟ್ಟಾಗ ಗಂಟೆ ಎಷ್ಟು, ಕೊನೆಯ ವಿದ್ಯಾರ್ಥಿ ಲಾಗಿನ್ ಆದಾಗ ಎಷ್ಟು? ಒಂದು ಮಷೀನಿಗೆ ಇಬ್ಬರು ಕುಳಿತದ್ದು ಎಷ್ಟು ಕಡೆ? ಪ್ರೊಜೆಕ್ಟರ್ ಮೊದಲ ಸಲಕ್ಕೇ ಹತ್ತಿತೇ? ಏನಾದರೂ ಕೆಟ್ಟಾಗ ಯಾರನ್ನು ಕರೆದಿರಿ, ಅವರು ಬರುವಷ್ಟರಲ್ಲಿ ಪೀರಿಯಡ್ ಎಷ್ಟು ಉಳಿದಿತ್ತು? ಇಂಥ ಪ್ರಶ್ನೆಗೆ ಮುಲಾಜಿನ ಉತ್ತರ ಬರೆಯುವುದು ಕಷ್ಟ. ಯಾರ ಮೇಲೂ ದೂರು ಹೇಳಿದಂತೆ ಆಗುವುದಿಲ್ಲವಾದ್ದರಿಂದ ಜನ ಬಿಚ್ಚುಮನಸ್ಸಿನಿಂದ ಬರೆಯುತ್ತಾರೆ.

ಅಧ್ಯಾಪಕರಿಗೆ ಬೇಕಾದದ್ದು ಬಹಳ ಸರಳ: ಲ್ಯಾಬಿಗೆ ಹೋದ ಹತ್ತು ನಿಮಿಷದೊಳಗೆ ಪಾಠ ಶುರುವಾಗಬೇಕು. ಪ್ರೊಸೆಸರ್ ಯಾವ ಪೀಳಿಗೆಯದು, ರ್‍ಯಾಮ್ ಎಷ್ಟು ಎಂಬುದು ಕೊಟೇಶನ್ ಕರೆಯುವವರ ಚಿಂತೆ. ಇಡೀ ಕೋಣೆಯಲ್ಲಿ ಅತಿ ಹಳೆಯ ಮಷೀನ್ ಯಾವುದು ನೋಡಿ. ಅನೇಕ ಕಾಲೇಜುಗಳಲ್ಲಿ ಅದು ಅಧ್ಯಾಪಕರ ಮೇಜಿನ ಮೇಲಿರುತ್ತದೆ. ತಪಾಸಣೆಗೆ ಬರುವವರು ವಿದ್ಯಾರ್ಥಿಗಳ ಮಷೀನುಗಳನ್ನು ಲೆಕ್ಕ ಹಾಕುತ್ತಾರೆ, ಆದ್ದರಿಂದ ಹೊಸದೆಲ್ಲ ಆ ಕಡೆಗೆ ಹೋಗುತ್ತದೆ. ಉಳಿದದ್ದು ಮುಂದಿನ ಮೇಜಿಗೆ. ಅದರ ಹಿಂದೆ ವಿಜಿಎ ತೂತು, ಗೋಡೆಯಿಂದ ಬಂದದ್ದು ಎಚ್‌ಡಿಎಂಐ ಕೇಬಲ್, ನಡುವೆ ಒಂದು ಕನ್ವರ್ಟರ್, ಆ ಕನ್ವರ್ಟರ್ ಆಫೀಸಿನ ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ಸಿಪಾಯಿಯ ಹತ್ತಿರ, ಸಿಪಾಯಿ ಬ್ಯಾಂಕಿಗೆ ಹೋಗಿದ್ದಾನೆ. ಇಪ್ಪತ್ತು ಹುಡುಗರು ಸುಮ್ಮನೆ ಕುಳಿತು ನೋಡುತ್ತಿರುತ್ತಾರೆ. ಆ ಗಳಿಗೆಯಲ್ಲಿ ಕಲಿಸುವವರಿಗೆ ಆಗುವ ಸಂಕಟ ಯಾವ ಫಾರಂನಲ್ಲೂ ಬರುವುದಿಲ್ಲ. ಅದು ನನಗೆ ಈಗಲೂ ಸಿಟ್ಟು ತರಿಸುವ ಸಂಗತಿ.

ಕುರ್ಚಿ ಮೇಜುಗಳ ಜೋಡಣೆಯ ಬಗ್ಗೆಯೂ ಒಂದು ಪ್ರಶ್ನೆ ಇರಲಿ. ಸಾಲುಸಾಲಾಗಿ ಇಟ್ಟರೆ ಮುಖ ಬೋರ್ಡಿನ ಕಡೆಗಿರುತ್ತದೆ, ಆದರೆ ಪರದೆಗಳು ಕಾಣುವುದಿಲ್ಲ. ತಪ್ಪು ಕೋಡ್ ಬರೆಯುತ್ತಿರುವವನ ಹತ್ತಿರ ಹೋಗಲು ಕುರ್ಚಿಗಳ ನಡುವೆ ಅಡ್ಡಡ್ಡಲಾಗಿ ನುಸುಳಬೇಕು. ಮೂರು ಗೋಡೆಗೆ ತಾಗಿಸಿ ಇಟ್ಟರೆ ನಡುವೆ ನಿಂತು ಒಮ್ಮೆ ಸುತ್ತ ತಿರುಗಿದರೆ ಸಾಕು, ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆಂದು ತಿಳಿಯುತ್ತದೆ. ವೈರುಗಳೂ ಕಾಲಿಗೆ ತೊಡರುವುದಿಲ್ಲ. ತಿರುಗುವ ಕುರ್ಚಿ ಕೊಟ್ಟರೆ ಬೋರ್ಡ್ ನೋಡುವ ತೊಂದರೆಯೂ ನೀಗುತ್ತದೆ. ಪ್ರೋಗ್ರಾಮಿಂಗ್ ಪ್ರಾಕ್ಟಿಕಲ್‌ಗೆ ನಾನು ಎರಡು ಮಾತಿಲ್ಲದೆ ಗೋಡೆಯ ಜೋಡಣೆಯನ್ನೇ ಆರಿಸುತ್ತೇನೆ. ಲ್ಯಾಬ್ ಕಟ್ಟುವಾಗ ಇದನ್ನು ಕಲಿಸುವವರ ಹತ್ತಿರ ಕೇಳುವುದಿಲ್ಲ. ಅಡುಗೆ ಮಾಡುವವಳನ್ನು ಕೇಳದೆ ಅಡುಗೆಮನೆ ಕಟ್ಟಿದ ಹಾಗೆ ಅದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಸಿಎಚ್‌ಬಿ ಅಧ್ಯಾಪಕರಿಗೂ ಫಾರಂ ಕೊಡಿ. ತಾಸಿನ ಲೆಕ್ಕದಲ್ಲಿ ಸಂಬಳ ಪಡೆಯುವ ಈ ಹುಡುಗ ಹುಡುಗಿಯರ ಪಾಲಿಗೆ ಪ್ರಾಕ್ಟಿಕಲ್‌ಗಳ ದೊಡ್ಡ ಹೊರೆ ಬಂದಿರುತ್ತದೆ. ಬೆಳಗ್ಗೆ ಒಂದು ಕಾಲೇಜು, ಮಧ್ಯಾಹ್ನ ಲೋಕಲ್ ಹಿಡಿದು ಇನ್ನೊಂದು. ಅವರಿಗೆ ಲ್ಯಾಬಿನ ಪಾಸ್‌ವರ್ಡ್ ಕೂಡ ಯಾರೂ ಸರಿಯಾಗಿ ಹೇಳಿರುವುದಿಲ್ಲ, ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಂತೂ ಇರುವುದಿಲ್ಲ.

ವರದಿ ಬರೆಯುವಾಗ ಎಂಟು ಉತ್ತರಗಳ ಸರಾಸರಿ ತೆಗೆದು 3.87 ಎಂದು ಬರೆಯಬೇಡಿ. ಒಂದನೆಯ ಲ್ಯಾಬಿನ ಸಂಗತಿ ಬೇರೆ, ಮೂರನೆಯದ್ದು ಬೇರೆ. ಕೋಣೆಗೊಂದು ಪುಟ ಮಾಡಿ, ಬಂದ ಉತ್ತರಗಳನ್ನು ಇದ್ದಂತೆಯೇ ಇಡಿ. ಸಮೀಕ್ಷೆ ಟರ್ಮಿನ ನಡುವೆಯೇ ಆಗಲಿ. ಏನು ಸರಿಹೋಯಿತು, ಯಾವುದು ಬಾಕಿ ಎಂದು ತಿಂಗಳೊಳಗೆ ಆಯಾ ಲ್ಯಾಬಿನ ಬಾಗಿಲಿಗೆ ಅಂಟಿಸಿ. ಅಷ್ಟು ಮಾಡದಿದ್ದರೆ ಮುಂದಿನ ಸಲವೂ ನಿಮಗೆ ನಾಲ್ಕೇ ಗತಿ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾ ವಿಜಯಪುರ ಕಡೆಯಾಂವ, ಪುಣೆದಾಗ ಒಂದು ಕಾಲೇಜಿನ್ಯಾಗ ಲ್ಯಾಬ್ ಅಸಿಸ್ಟಂಟ್ ಅದೀನಿ. ಮಷೀನ್ ಬಂದ್ ಮಾಡಿ ಚಾಲೂ ಮಾಡಿದ್ರ ಎಲ್ಲಾ ಮೊದಲಿನಂಗ ಆಗೋ ಸಾಫ್ಟ್‌ವೇರ್ ಹಾಕೇವಿ. ಸರ್ ಮಂದಿ ಸೋಮವಾರ ಏನರ ಹಾಕಿ ಹೋಗ್ತಾರ, ಮಂಗಳವಾರ ಬಂದು ‘ಎಲ್ಲಿ ಹೋತು?’ ಅಂತ ನನ್ನ ಮ್ಯಾಲೆ ಸಿಟ್ಟಾಗ್ತಾರ. ಅರ್ಧಾ ಮಷೀನ್ ಹಳೇವು, ವಿಂಡೋಸ್ 11 ತಗೊಳ್ಳಂಗಿಲ್ಲ. ಏನ್ ಮಾಡ್ಲಿ?
– ಪುಣೆ

ಉತ್ತರ: ಆ ಫ್ರೀಜ್ ಸಾಫ್ಟ್‌ವೇರನ್ನು ಯಾರು ಏನೇ ಅಂದರೂ ತೆಗೆಯಬೇಡಿ. ನೂರಾರು ಹುಡುಗರು ಪೆನ್‌ಡ್ರೈವ್ ಹಾಕುವ ಮಷೀನುಗಳು ಬದುಕಿರುವುದೇ ಅದರಿಂದ. ಸಿ ಡ್ರೈವ್ ಮಾತ್ರ ಫ್ರೀಜ್ ಆಗಿರಲಿ, ಡಿ ಡ್ರೈವ್ ತೆರೆದಿಡಿ. ಹುಡುಗರ ಪ್ರೋಗ್ರಾಂ, ಜರ್ನಲ್ ಎಲ್ಲ ಅಲ್ಲಿ ಉಳಿಯುತ್ತವೆ. ಈ ಏರ್ಪಾಡು ಹೀಗಿದೆ ಎಂದು ಮರಾಠಿ, ಇಂಗ್ಲಿಷ್ ಎರಡರಲ್ಲೂ ಅಧ್ಯಾಪಕರ ಮೇಜಿನ ಮೇಲೆ ಅಂಟಿಸಿ.

ಟರ್ಮ್ ಶುರುವಾಗುವ ಮೊದಲು ಪ್ರತಿ ಅಧ್ಯಾಪಕರಿಂದಲೂ ಬೇಕಾದ ಸಾಫ್ಟ್‌ವೇರಿನ ಪಟ್ಟಿ ಬರೆಸಿಕೊಳ್ಳಿ. ಬರೀ ‘ಪೈಥಾನ್’ ಎಂದರೆ ಸಾಲದು, ಯಾವ ಆವೃತ್ತಿ, ಜೊತೆಗೆ ಯಾವ ಲೈಬ್ರರಿ ಎಂದೂ ಇರಲಿ. ಒಂದೇ ಮಷೀನನ್ನು ಪೂರ್ತಿ ತಯಾರು ಮಾಡಿ ಅವರನ್ನು ಕರೆದು ಕೂರಿಸಿ, ಮೊದಲ ಪ್ರಾಕ್ಟಿಕಲ್ ಅವರೇ ಮಾಡಿ ನೋಡಲಿ, ರಜಿಸ್ಟರಿನಲ್ಲಿ ಸಹಿ ಹಾಕಲಿ. ಆಮೇಲೆ ಅದರ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲು, ತೆಗೆದು ಉಳಿದ ಮಷೀನುಗಳಿಗೆ ಇಳಿಸಿ. ಈ ಕೆಲಸಕ್ಕೆ ಕ್ಲೋನ್‌ಜಿಲಾ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಅದರ ಸರ್ವರ್ ಆವೃತ್ತಿ ಇಡೀ ಲ್ಯಾಬಿಗೆ ಒಟ್ಟಿಗೇ ಕಳಿಸುತ್ತದೆ. ಪಾಠ ಇಲ್ಲದ ಹೊತ್ತಿನಲ್ಲಿ ಮಾಡಿ, ಇಲ್ಲವಾದರೆ ನೆಟ್‌ವರ್ಕ್ ನಿಂತೇ ಹೋಗುತ್ತದೆ. ವೆಯಾನ್ ಎಂಬ ಉಚಿತ ಸಾಫ್ಟ್‌ವೇರನ್ನೂ ಅದೇ ಇಮೇಜಿನಲ್ಲಿ ಸೇರಿಸಿ. ಅಧ್ಯಾಪಕರು ತಮ್ಮ ಪರದೆಯನ್ನು ಪ್ರತಿ ಹುಡುಗನ ಮಾನಿಟರಿಗೇ ಕಳಿಸಬಹುದು. ಕಿಟಕಿಯ ಬೆಳಕಿಗೆ ಪ್ರೊಜೆಕ್ಟರ್ ಮಸುಕಾಗುವ ಕೋಣೆಗಳಲ್ಲಿ ಇದರಷ್ಟು ಉಪಕಾರ ಬೇರೆ ಯಾವುದೂ ಮಾಡದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರ್ ಬೇಕು. ನಿಮ್ಮ ಹಳೆಯ ಮಷೀನುಗಳನ್ನು ಗುಜರಿಗೆ ಹಾಕುವ ಮೊದಲು ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಹಾಕಿ ನೋಡಿ. ಸಿ, ಜಾವಾ, ಪೈಥಾನ್, ಮೈಎಸ್‌ಕ್ಯುಎಲ್ ಎಲ್ಲವೂ ಅದರಲ್ಲಿ ಸಲೀಸಾಗಿ ನಡೆಯುತ್ತವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ, ನೀವೇ ನೋಡಿ ಕಲಿಯಬಹುದು. ಆದರೆ ಅಧ್ಯಾಪಕರಿಗೆ ಹೇಳದೆ ಒಂದು ಸೋಮವಾರ ಬೆಳಗ್ಗೆ ಲಿನಕ್ಸ್ ತೋರಿಸಿದರೆ ಅವರು ಸಿಟ್ಟಾಗುವುದು ನ್ಯಾಯವೇ.

ಒಳ್ಳೆಯ ಲ್ಯಾಬ್ ಅಸಿಸ್ಟಂಟ್ ಇರುವ ಕಡೆ ಸಾಧಾರಣ ಮಷೀನಿನಲ್ಲೂ ಪಾಠ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಕೆಲಸವನ್ನು ಕಡಿಮೆ ಎಂದು ತಿಳಿಯಬೇಡಿ, ತಿಳಿಯಲು ಬೇರೆಯವರನ್ನೂ ಬಿಡಬೇಡಿ.

ಪ್ರಶ್ನೆ: ರಜೆ ಮುಗಿದು ಜೂನಿನಲ್ಲಿ ಲ್ಯಾಬ್ ತೆರೆದರೆ ನಾಲ್ಕಾರು ಮಷೀನ್ ಏಳುವುದೇ ಇಲ್ಲ. ಎದ್ದವುಗಳಲ್ಲಿ ಕೆಲವಕ್ಕೆ ಇಂಟರ್ನೆಟ್ ಇಲ್ಲ, ಪಕ್ಕದ ಮಷೀನಿಗೆ ಇದೆ. 30 ಮಷೀನಿಗೆ ಒಂದೂವರೆ ಟನ್ನಿನ ಒಂದೇ ಎಸಿ; ಮಧ್ಯಾಹ್ನದ ಬ್ಯಾಚಿನಲ್ಲಿ ನಾನೇ ಬೆವರು ಒರೆಸುತ್ತಾ ಪಾಠ ಮಾಡುತ್ತೇನೆ. ‘ಎಸಿ ಇದೆಯಲ್ಲ’ ಎನ್ನುತ್ತಾರೆ ಆಫೀಸಿನವರು.
– ಮಡಗಾಂವ್, ಗೋವಾ

ಉತ್ತರ: ಇಂಟರ್ನೆಟ್ ಇಲ್ಲದ ಮಷೀನಿನ ಮೂಲೆಯಲ್ಲಿರುವ ತಾರೀಕು ನೋಡಿ. ಹಲವು ವರ್ಷ ಹಿಂದಿನದ್ದು ತೋರಿಸುತ್ತಿದ್ದರೆ ಕಾರಣ ಅಲ್ಲೇ ಇದೆ. ಮದರ್‌ಬೋರ್ಡಿನಲ್ಲಿ ನಾಣ್ಯದ ಗಾತ್ರದ ಸಿಆರ್2032 ಸೆಲ್ ಇರುತ್ತದೆ. ಅದು ಮುಗಿದಿದ್ದು ರಜೆಯಲ್ಲಿ ಮೇನ್ ಸ್ವಿಚ್ ತೆಗೆದರೆ ಗಡಿಯಾರ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ ಬ್ರೌಸರ್ ಒಂದೊಂದನ್ನೇ ತೆರೆಯಲು ನಿರಾಕರಿಸುತ್ತದೆ. ನೋಡುವವರಿಗೆ ನೆಟ್ ಹೋದಂತೆ ಕಾಣುತ್ತದೆ. ಅಗ್ಗದ ಸೆಲ್ಲು, ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಮೂವತ್ತನ್ನೂ ಒಮ್ಮೆಗೇ ಬದಲಾಯಿಸಿಬಿಡಿ.

ಏಳದ ಮಷೀನುಗಳಲ್ಲಿ ಮೊದಲು ರ್‍ಯಾಮ್ ತೆಗೆಸಿ ನೋಡಿ. ನಿಮ್ಮ ಕಡಲ ಗಾಳಿಗೆ, ತೇವಕ್ಕೆ ಅದರ ಸಂಪರ್ಕದ ಪಟ್ಟಿಗಳ ಮೇಲೆ ಪೊರೆ ಕಟ್ಟುತ್ತದೆ. ಕರೆಂಟ್ ತೆಗೆದು, ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಒರೆಸಿ, ಮತ್ತೆ ಕೂರಿಸಿದರೆ ಎಷ್ಟೋ ಮಷೀನ್ ಏಳುತ್ತವೆ. ಮೇ ತಿಂಗಳಲ್ಲಿ, ಮಳೆ ಹಿಡಿದ ಮೇಲೂ, ವಾರಕ್ಕೊಮ್ಮೆ ಎಲ್ಲವನ್ನೂ ಒಂದೆರಡು ಗಂಟೆ ಚಾಲೂ ಇಡುವಂತೆ ಲಿಖಿತವಾಗಿ ಕೇಳಿ. ಒಳಗಿನ ಬಿಸಿಗೆ ತೇವ ಆರುತ್ತದೆ. ಸಿಪಿಯುಗಳನ್ನು ನೆಲದ ಮೇಲಿಡಬೇಡಿ.

ಎಸಿಯ ಲೆಕ್ಕವನ್ನು ಆಫೀಸಿನವರ ಮುಂದೆ ಹೀಗೆ ಇಡಿ. ಒಂದು ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ ಸುಮಾರು 100 ವಾಟ್ ಶಾಖ, ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್. 30 ಮಷೀನ್, 30 ಮಂದಿ ಎಂದರೆ 6,000 ವಾಟ್. ಒಂದು ಟನ್ ಎಸಿ ಹೊರಹಾಕುವುದು ಸುಮಾರು 3,500 ವಾಟ್, ಒಂದೂವರೆ ಟನ್ ಆದರೆ 5,250. ತಾರಸಿಯ ಬಿಸಿಲು, ಪಡುವಣ ಕಿಟಕಿ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ. ಎಸಿ ಇದೆ, ನಿಜ. ಸಾಲುತ್ತಿಲ್ಲ ಎಂಬುದೂ ಅಷ್ಟೇ ನಿಜ. ಇನ್ನೊಂದು ಬರುವವರೆಗೆ ದಪ್ಪ ಪರದೆ ಹಾಕಿಸಿ, ಫಿಲ್ಟರ್ ತಿಂಗಳಿಗೊಮ್ಮೆ ತೊಳೆಸಿ.

ಪ್ರಶ್ನೆ: ಕನ್ನಡ ಸರ್ಟಿಫಿಕೇಟ್ ಕೋರ್ಸಿನವರಿಗೆ ಟೈಪಿಂಗ್ ಕಲಿಸಲು ನಮ್ಮ ಕಾಲೇಜಿನ ಲ್ಯಾಬ್ ಶನಿವಾರ ಸಿಗುತ್ತದೆ. ಮನೆಯಲ್ಲಿ ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ತಂದ ಟಿಪ್ಪಣಿ ಅಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ.
– ಅಂಧೇರಿ

ಉತ್ತರ: ನಿಮ್ಮ ಟಿಪ್ಪಣಿ ನುಡಿಯ ಹಳೆಯ ಫಾಂಟಿನಲ್ಲಿದೆ. ಆ ಫಾಂಟ್ ಇಲ್ಲದ ಮಷೀನಿನಲ್ಲಿ ಅದು ಹಾಗೆಯೇ ಕಾಣುತ್ತದೆ. ಮನೆಯಲ್ಲೇ ನುಡಿಯ ಪರಿವರ್ತಕದಿಂದ ಯೂನಿಕೋಡಿಗೆ, ಅಂದರೆ ಎಲ್ಲ ಮಷೀನಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸಿ ತನ್ನಿ. ವಿಂಡೋಸ್ 8ರಿಂದೀಚೆಗೆ ಇರುವ ನಿರ್ಮಲಾ ಯುಐ ಫಾಂಟ್ ಅದನ್ನು ಸರಿಯಾಗಿ ತೋರಿಸುತ್ತದೆ, ಯಾರ ಅಪ್ಪಣೆಯೂ ಬೇಡ. ವಿಂಡೋಸ್ ಜೊತೆ ಬರುವ ಮುಖ್ಯ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು, ಅದರಲ್ಲಿ ಅಕ್ಷರಗಳ ಜಾಗವೇ ಬೇರೆ. ನುಡಿಯ ಕೆಜಿಪಿ ವಿನ್ಯಾಸಕ್ಕೆ ಕೈ ಪಳಗಿದವರು ತಡವರಿಸುತ್ತಾರೆ. ಭಾಷಾ ವಿಭಾಗದವರೂ ಲ್ಯಾಬಿನಲ್ಲಿ ಕಲಿಸುವವರೇ. ನಿಮಗೂ ಉಳಿದವರಷ್ಟೇ ಹಕ್ಕಿದೆ. ಟರ್ಮಿಗೆ ಮೊದಲು ಸಾಫ್ಟ್‌ವೇರ್ ಪಟ್ಟಿ ಮಾಡುವಾಗ ‘ನುಡಿ, ಕನ್ನಡ ಕೀಲಿಮಣೆ’ ಎಂದು ಬರೆದು, ಪ್ರಿನ್ಸಿಪಾಲರ ಸಹಿ ಹಾಕಿಸಿ, ಲ್ಯಾಬ್ ಅಸಿಸ್ಟಂಟರ ಕೈಗೇ ಕೊಡಿ. ಇಮೇಜಿನಲ್ಲಿ ಒಮ್ಮೆ ಸೇರಿದರೆ ಇಡೀ ವರ್ಷ ಎಲ್ಲ ಮಷೀನಿನಲ್ಲೂ ಇರುತ್ತದೆ. ಲಿನಕ್ಸ್ ಇರುವ ಲ್ಯಾಬ್ ಆದರೆ ಕನ್ನಡ ಟೈಪಿಂಗಿಗೆ ಬೇಕಾದ ಐಬಸ್ ಮತ್ತು ಎಂ17ಎನ್ ಸಾಫ್ಟ್‌ವೇರ್ ಹಾಕಿಸಿಕೊಳ್ಳಿ, ಕೆಜಿಪಿ ವಿನ್ಯಾಸ ಅದರಲ್ಲೇ ಇದೆ.